ಚರ್ಚ್ ಕಚೇರಿಗೆ ಕಂಪ್ಯೂಟರ್ ವ್ಯವಸ್ಥೆ: ಎರಡು ಬೀಗದ ಪೆಟ್ಟಿಗೆಯಿಂದ ಆರಂಭಿಸಿ

1538ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಚರ್ಚ್‌ಗಳಿಗೆಲ್ಲ ಒಂದು ಆಜ್ಞೆ ಬಂತು. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆ ಆಜ್ಞೆಯ ಪ್ರಕಾರ ಪ್ರತಿಯೊಂದು ಪ್ಯಾರಿಷ್ ಒಂದು ಪುಸ್ತಕ ಇಡಬೇಕಿತ್ತು. ಹಿಂದಿನ ವಾರ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಭಾನುವಾರ, ಸಭೆಯ (ಚರ್ಚಿನ ಭಕ್ತಸಮುದಾಯದ) ಹಿರಿಯರ ಸಮ್ಮುಖದಲ್ಲಿ ಅದರಲ್ಲಿ ಬರೆಯಬೇಕಿತ್ತು. ಪುಸ್ತಕವನ್ನಿಡುವ ಪೆಟ್ಟಿಗೆಗೆ ಎರಡು ಬೀಗ. ಒಂದು ಕೀಲಿಕೈ ಪಾದ್ರಿಯ ಬಳಿ, ಇನ್ನೊಂದು ಹಿರಿಯರ ಬಳಿ. 1563ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಬಿಷಪರ ಮಹಾಸಭೆ ಕಥೋಲಿಕ ಗುರುಗಳೂ ಮದುವೆಗಳ ಪುಸ್ತಕ ಇಡಬೇಕೆಂದು ವಿಧಿಸಿತು. 1598ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ನಿಯಮ ಸೇರಿತು: ದಾಖಲೆ ಬಾಳಿಕೆ ಬರುವ ಚರ್ಮಪತ್ರದ ಮೇಲಿರಬೇಕು, ವರ್ಷಕ್ಕೊಮ್ಮೆ ಅದರ ನಕಲು ಬಿಷಪರ ಕಚೇರಿಗೆ ಹೋಗಬೇಕು.

ಚರ್ಚ್ ಕಚೇರಿಗೆ ಕಂಪ್ಯೂಟರ್ ತರಬೇಕೆಂದು ಯಾರಾದರೂ ಸಲಹೆ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಪೆಟ್ಟಿಗೆ. ಘಟನೆ ನಡೆದ ಕೂಡಲೇ ಬರೆಯುವುದು, ಬರೆಯುವಾಗ ಇನ್ನೊಬ್ಬರು ನೋಡುವುದು, ಒಬ್ಬರೇ ತೆರೆಯಲಾಗದಂತೆ ಇಡುವುದು, ನಕಲನ್ನು ಬೇರೆಡೆಗೆ ಕಳಿಸುವುದು. ಒಳ್ಳೆಯ ವ್ಯವಸ್ಥೆಗೆ ಬೇಕಾದ ನಾಲ್ಕೂ ನಿಯಮಗಳು ಅದರಲ್ಲಿವೆ. ಕಂಪ್ಯೂಟರ್ ಕೆಲವೇ ವರ್ಷ ಬಾಳುತ್ತದೆ, ತಂತ್ರಾಂಶ ಇನ್ನೂ ಬೇಗ ಹಳೆಯದಾಗುತ್ತದೆ, ಸಭಾಪಾಲಕರು (ಪಾದ್ರಿಗಳು) ವರ್ಗವಾಗಿ ಹೋಗುತ್ತಾರೆ. ದೀಕ್ಷಾಸ್ನಾನದ ದಾಖಲೆಯನ್ನಾದರೋ ಎಪ್ಪತ್ತು ವರ್ಷಗಳ ನಂತರವೂ ಯಾರೋ ಬಂದು ಕೇಳುತ್ತಾರೆ. ಯೋಜನೆಯ ಪ್ರತಿ ನಿರ್ಧಾರವನ್ನೂ ಆ ವ್ಯಕ್ತಿಯನ್ನು ಮುಂದಿಟ್ಟುಕೊಂಡು ತೆಗೆದುಕೊಳ್ಳಿ.

ಮೊದಲು ಒಂದು ತಿಂಗಳು ಬರೆದಿಡಿ

ತಂತ್ರಾಂಶದ ಹೆಸರು ಸಭೆಯ ಸಮಿತಿಯ ಮುಂದೆ ಬರುವ ಮೊದಲೇ ಒಂದು ಸಾದಾ ನೋಟ್‌ಪುಸ್ತಕ ಕಚೇರಿಯ ಮೇಜಿನ ಮೇಲೆ ಬರಲಿ. ಬಾಗಿಲಿಗೆ ಬಂದವರು, ಫೋನ್ ಮಾಡಿದವರು, ಪತ್ರ ಬರೆದವರು ಏನು ಕೇಳಿದರು, ಉತ್ತರ ಯಾವ ಪುಸ್ತಕದಲ್ಲಿ ಸಿಕ್ಕಿತು, ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ವಿಷಯಗಳನ್ನು ಒಂದು ತಿಂಗಳು ಬರೆಯಿರಿ. ಆ ಅವಧಿಯಲ್ಲಿ ಒಂದು ದೊಡ್ಡ ಹಬ್ಬ ಬಂದರೆ ಇನ್ನೂ ಒಳ್ಳೆಯದು. ಕಚೇರಿಯ ನಿಜವಾದ ಹೊರೆ ಕಾಣುವುದು ಆಗಲೇ.

ಈ ಪುಸ್ತಕ ಮುಗಿಯುವ ಹೊತ್ತಿಗೆ ಅಚ್ಚರಿಗಳು ಎದುರಾಗುತ್ತವೆ. ಕಾಣಿಕೆಯ ಲೆಕ್ಕವೇ ದೊಡ್ಡ ಕೆಲಸ ಎಂದುಕೊಂಡಿದ್ದ ಕಚೇರಿಯಲ್ಲಿ ಹೆಚ್ಚಿನ ಸಮಯವನ್ನು ತಿನ್ನುತ್ತಿರುವುದು ಸಭಾಂಗಣದ ಕಾಯ್ದಿರಿಸುವಿಕೆ ಆಗಿರಬಹುದು. ಒಂದೇ ವಿಳಾಸವನ್ನು ಕಾರ್ಯದರ್ಶಿ, ಖಜಾಂಚಿ, ಭಾನುವಾರ ಶಾಲೆಯ ಮೇಲ್ವಿಚಾರಕರು, ಗಾಯನ ವೃಂದದ ನಾಯಕರು ನಾಲ್ಕು ಪಟ್ಟಿಗಳಲ್ಲಿ ನಾಲ್ಕು ಬಗೆಯಾಗಿ ಬರೆದುಕೊಂಡಿರುವುದು ಗೊತ್ತಾಗಬಹುದು. ಕೆಲಸಗಳನ್ನು ಮೂರು ಗುಂಪು ಮಾಡಿ: ಕಂಪ್ಯೂಟರ್‌ಗೆ ಬರಲೇಬೇಕಾದವು, ಬಂದರೆ ಅನುಕೂಲವಾಗುವವು, ಬರಲೇಬಾರದವು. ಮೂರನೆಯ ಗುಂಪನ್ನು ಖಾಲಿ ಬಿಡಬೇಡಿ. ಅದರಲ್ಲಿ ಏನಿರಬೇಕು ಎಂಬುದಕ್ಕೆ ಮುಂದೆ ಬರುತ್ತೇನೆ.

ವ್ಯಕ್ತಿ ಬೇರೆ, ಕುಟುಂಬ ಬೇರೆ, ಸಂಸ್ಕಾರ ಬೇರೆ

ಇಡೀ ಯೋಜನೆಯ ಹೃದಯ ಇಲ್ಲಿದೆ, ಹಾಗಾಗಿ ಇಲ್ಲಿ ಅವಸರ ಬೇಡ. ಬಹಳಷ್ಟು ಚರ್ಚ್‌ಗಳು ಸದಸ್ಯರ ಪಟ್ಟಿಯನ್ನು ಕುಟುಂಬದ ಲೆಕ್ಕದಲ್ಲಿ ಇಡುತ್ತವೆ: ಮನೆಯ ಯಜಮಾನರ ಹೆಸರು, ಅದರ ಕೆಳಗೆ ಉಳಿದವರು. ಕಾಗದದ ಮೇಲೆ ಇದು ಸರಾಗವಾಗಿ ನಡೆಯುತ್ತದೆ. ಅದೇ ಪಟ್ಟಿಯನ್ನು ಹಾಗೆಯೇ ಕಂಪ್ಯೂಟರ್‌ಗೆ ಏರಿಸಿದರೆ ಮಗಳು ಮದುವೆಯಾಗಿ ಬೇರೆ ಮನೆ ಮಾಡಿದ ದಿನವೇ ತೊಡಕು ಶುರುವಾಗುತ್ತದೆ. ಹಳೆಯ ಕುಟುಂಬದಿಂದ ಆಕೆಯ ಹೆಸರನ್ನು ಅಳಿಸಿ ಹೊಸದರಲ್ಲಿ ಬರೆದರೆ, ಆಕೆಯ ದೀಕ್ಷಾಸ್ನಾನ, ದೃಢೀಕರಣ, ಭಾನುವಾರ ಶಾಲೆಯ ವಿವರಗಳೆಲ್ಲ ಅಳಿದ ಸಾಲಿನ ಜೊತೆಗೇ ಹೋಗುತ್ತವೆ.

ಆದ್ದರಿಂದ ಪ್ರತಿ ವ್ಯಕ್ತಿಗೂ ಬದಲಾಗದ ಒಂದು ಕ್ರಮಸಂಖ್ಯೆ ಕೊಡಿ. ಕುಟುಂಬಕ್ಕೆ ಬೇರೊಂದು ಸಂಖ್ಯೆ ಇರಲಿ. ವ್ಯಕ್ತಿ ಯಾವ ಕುಟುಂಬದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಇದ್ದರು ಎಂಬುದು ಅವೆರಡನ್ನು ಬೆಸೆಯುವ ಪ್ರತ್ಯೇಕ ನಮೂದಾಗಲಿ. ದೀಕ್ಷಾಸ್ನಾನ, ದೃಢೀಕರಣ, ಮದುವೆಯಂಥ ಸಂಸ್ಕಾರಗಳು ವ್ಯಕ್ತಿಗೆ ಅಂಟಿಕೊಳ್ಳಲಿ, ಕುಟುಂಬಕ್ಕಲ್ಲ. ಇನ್ನೊಂದು ಮಾತು: ಯಾರನ್ನೂ ಅಳಿಸಬೇಡಿ. ತೀರಿಕೊಂಡವರು, ಬೇರೆ ಸಭೆಗೆ ಹೋದವರು, ಬರುವುದನ್ನು ನಿಲ್ಲಿಸಿದವರು ಇವರೆಲ್ಲರ ಸ್ಥಿತಿ ಬದಲಾಗುತ್ತದೆಯೇ ಹೊರತು ದಾಖಲೆ ಮಾಯವಾಗಬಾರದು. ತೀರಿಕೊಂಡವರ ಹೆಸರಿಗೆ ಹುಟ್ಟುಹಬ್ಬದ ಶುಭಾಶಯ ಹೋದಾಗ ಮನೆಯವರಿಗೆ ಆಗುವ ನೋವನ್ನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ಆ ಕಚೇರಿಯ ಪಟ್ಟಿಯಲ್ಲಿ ಸ್ಥಿತಿ ಎಂಬ ಒಂದು ಅಂಕಣ ಇದ್ದಿದ್ದರೆ ಅದು ನಡೆಯುತ್ತಿರಲಿಲ್ಲ.

ಪ್ರತಿ ಸಂಸ್ಕಾರದ ನಮೂದಿನಲ್ಲೂ ಮೂಲ ರಿಜಿಸ್ಟರಿನ ಸಂಪುಟ, ಪುಟ, ಕ್ರಮಾಂಕ ಇರಲೇಬೇಕು. ಕಂಪ್ಯೂಟರಿನಲ್ಲಿರುವುದು ಮೂಲವನ್ನು ಹುಡುಕಿಕೊಡುವ ಸೂಚಿ. ಸಹಿ ಇರುವ ಪುಸ್ತಕವೇ ಮೂಲ. ಕಥೋಲಿಕ ಧರ್ಮಕೇಂದ್ರವಾದರೆ 1983ರ ಧರ್ಮಶಾಸನ ಸಂಹಿತೆಯ 535ನೇ ವಿಧಿಯನ್ನು ಯೋಜನೆಯ ಹಾಳೆಯ ಮೇಲೇ ಬರೆದುಕೊಳ್ಳಿ. ದೃಢೀಕರಣ, ವಿವಾಹ ಮುಂತಾದವನ್ನು ಆ ವ್ಯಕ್ತಿಯ ದೀಕ್ಷಾಸ್ನಾನದ ದಾಖಲೆಯಲ್ಲಿಯೂ ನಮೂದಿಸಬೇಕು, ಪ್ರಮಾಣಪತ್ರ ಕೊಡುವಾಗ ಆ ಟಿಪ್ಪಣಿಗಳು ಅದರಲ್ಲಿ ಕಾಣಲೇಬೇಕು ಎನ್ನುತ್ತದೆ ಆ ವಿಧಿ. ಎಂದರೆ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದ ಟಿಪ್ಪಣಿಗೆ ತಂತ್ರಾಂಶದಲ್ಲೂ ಜಾಗ ಬೇಕು, ಅಚ್ಚಾಗುವ ಪ್ರಮಾಣಪತ್ರದ ನಮೂನೆಯಲ್ಲೂ ಬೇಕು. ಎಷ್ಟೋ ಸಿದ್ಧ ತಂತ್ರಾಂಶಗಳು ಎಡವುವುದು ಇಲ್ಲೇ.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಎಕ್ಸೆಲ್ ತಂತ್ರಾಂಶ 1900ರ ಜನವರಿ 1ಕ್ಕಿಂತ ಹಿಂದಿನದನ್ನು ದಿನಾಂಕವೆಂದು ಗುರುತಿಸುವುದಿಲ್ಲ. ಬರಿಯ ಅಕ್ಷರಗಳಂತೆ ಇಟ್ಟುಕೊಳ್ಳುತ್ತದೆ. 1887ರ ದೀಕ್ಷಾಸ್ನಾನವನ್ನೂ 1923ರದ್ದನ್ನೂ ಒಂದೇ ಅಂಕಣದಲ್ಲಿ ಬರೆದು ಕಾಲಾನುಕ್ರಮದಲ್ಲಿ ಜೋಡಿಸಲು ಹೋದರೆ ಸಾಲುಗಳು ಕಲಸಿಹೋಗುತ್ತವೆ. ಹಳೆಯ ರಿಜಿಸ್ಟರ್ ಇರುವ ಚರ್ಚ್ ವರ್ಷ, ತಿಂಗಳು, ದಿನಗಳಿಗೆ ಮೂರು ಪ್ರತ್ಯೇಕ ಅಂಕಣ ಇಡುವುದು ಕ್ಷೇಮ. ಇದರಿಂದ ಇನ್ನೊಂದು ಲಾಭವೂ ಇದೆ. ಪುಸ್ತಕದಲ್ಲಿ ವರ್ಷ ಮಾತ್ರ ಓದಲು ಬಂದು ದಿನ ಮಾಸಿಹೋಗಿದ್ದರೆ, ದಿನದ ಅಂಕಣ ಖಾಲಿ ಇರಲಿ. ತಂತ್ರಾಂಶ ಒಪ್ಪುವುದಿಲ್ಲವೆಂದು ಜನವರಿ 1 ಎಂದು ತುಂಬಿಸುವುದು ಸುಳ್ಳು ದಾಖಲೆ ಸೃಷ್ಟಿಸಿದಂತೆ.

ಹೆಸರುಗಳನ್ನು ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ಬೇರೆಯೇ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ, ಹುಡುಕಿದರೆ ಹೆಸರು ಸಿಗುವುದಿಲ್ಲ. ರಿಜಿಸ್ಟರಿನಲ್ಲಿರುವ ಕಾಗುಣಿತವನ್ನು ಇದ್ದಂತೆಯೇ ಒಂದು ಅಂಕಣದಲ್ಲಿಡಿ. ವ್ಯಕ್ತಿ ಈಗ ಬಳಸುವ ರೂಪ ಇನ್ನೊಂದರಲ್ಲಿರಲಿ. ಹಳೆಯ ಗುಮಾಸ್ತರ ತಪ್ಪನ್ನು ತಿದ್ದುವ ಹಕ್ಕು ಟೈಪ್ ಮಾಡುವವರಿಗಿಲ್ಲ.

ಕಾಣಿಕೆಯ ಲೆಕ್ಕ

ಹಣದ ವ್ಯವಸ್ಥೆ ಕಾಣಿಕೆ ಪೆಟ್ಟಿಗೆ ತೆರೆಯುವ ಮೇಜಿನಿಂದಲೇ ಆರಂಭವಾಗುತ್ತದೆ. ಒಂದೇ ಕುಟುಂಬಕ್ಕೆ ಸೇರದ ಕನಿಷ್ಠ ಇಬ್ಬರು ಎಣಿಸಿ, ಎಣಿಕೆಯ ಹಾಳೆಗೆ ಇಬ್ಬರೂ ಸಹಿ ಹಾಕಬೇಕು. ಕಂಪ್ಯೂಟರ್‌ನಲ್ಲಿ ನಮೂದಿಸುವವರು ಮೂರನೆಯವರಾಗಿರಲಿ. ಬ್ಯಾಂಕಿನ ವಿವರದೊಂದಿಗೆ ತಾಳೆ ನೋಡುವವರು ನಾಲ್ಕನೆಯವರಾದರೆ ಉತ್ತಮ. ಜನ ಸಾಲದಿದ್ದರೆ ನಮೂದಿಸಿದವರೇ ತಾಳೆ ನೋಡದಂತಾದರೂ ನೋಡಿಕೊಳ್ಳಿ. ಇದು ಯಾರ ಮೇಲಿನ ಅನುಮಾನವೂ ಅಲ್ಲ. ಮುಂದೊಂದು ದಿನ ಲೆಕ್ಕ ತಪ್ಪಿದಾಗ ಒಬ್ಬ ಪ್ರಾಮಾಣಿಕ ಖಜಾಂಚಿ ಒಂಟಿಯಾಗಿ ನಿಂತು ಉತ್ತರಿಸುವ ಸ್ಥಿತಿ ಬರಬಾರದು. ಅವರನ್ನು ಕಾಪಾಡುವುದು ಸಭೆಯ ಹೊಣೆ.

ಚರ್ಚಿನ ಲೆಕ್ಕಕ್ಕೂ ಅಂಗಡಿಯ ಲೆಕ್ಕಕ್ಕೂ ಇರುವ ದೊಡ್ಡ ವ್ಯತ್ಯಾಸ ನಿಧಿಗಳದ್ದು. ಕಟ್ಟಡಕ್ಕೆಂದು ಕೊಟ್ಟದ್ದು, ಬಡವರಿಗೆಂದು ಕೊಟ್ಟದ್ದು, ಸುವಾರ್ತಾ ಸೇವೆಗೆಂದು ಕೊಟ್ಟದ್ದು ಒಂದೇ ಬ್ಯಾಂಕ್ ಖಾತೆಯಲ್ಲಿ ಇರಬಹುದು. ಆದರೂ ಕೊಟ್ಟವರ ಉದ್ದೇಶ ಬೇರೆ ಬೇರೆ. ಖಾತೆಯಲ್ಲಿ ಹಣ ಇದೆ ಎಂಬ ಕಾರಣಕ್ಕೆ ಬಡವರ ನಿಧಿಯಿಂದ ಚಾವಣಿ ರಿಪೇರಿ ಆಗಬಾರದು. ಆದ್ದರಿಂದ ತಂತ್ರಾಂಶವನ್ನು ಪರೀಕ್ಷಿಸುವಾಗ ಒಂದೇ ಪ್ರಶ್ನೆ ಹಾಕಿ: ಈ ಹೊತ್ತಿಗೆ ಪ್ರತಿ ನಿಧಿಯಲ್ಲೂ ಎಷ್ಟು ಉಳಿದಿದೆ ಎಂಬುದನ್ನು ಒಂದು ಹಾಳೆಯಲ್ಲಿ ತೋರಿಸಬಲ್ಲದೇ? ಉಚಿತವಾಗಿ ಸಿಗುವ ಲೆಕ್ಕದ ತಂತ್ರಾಂಶ ಗ್ನೂಕ್ಯಾಶ್, ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯದು. ಪ್ರತಿ ನಿಧಿಗೂ ಉಪಖಾತೆ ತೆರೆದರೆ ಸಣ್ಣ ಸಭೆಗೆ ಅದು ಸಾಕಾಗುತ್ತದೆ.

ರಸೀದಿಗಳ ಸಂಖ್ಯೆ ತಾನಾಗಿಯೇ ಏರಬೇಕು. ತಪ್ಪಾದ ರಸೀದಿ ರದ್ದಾಗಬಹುದು, ಅಳಿಯಬಾರದು. ಇನ್ನು ಯಾರು ಎಷ್ಟು ಕೊಟ್ಟರು ಎಂಬ ವಿವರ ಸದಸ್ಯರ ಪಟ್ಟಿ ತೆರೆದವರೆಲ್ಲರಿಗೂ ಕಾಣುವಂತಿದ್ದರೆ ಸಭೆಯೊಳಗೆ ಮನಸ್ತಾಪ ಕಟ್ಟಿಟ್ಟ ಬುತ್ತಿ. ಬಡ ವಿಧವೆ ಕೊಟ್ಟ ಎರಡು ಕಾಸೇ ಎಲ್ಲರದಕ್ಕಿಂತ ದೊಡ್ಡದು ಎಂದ ಯೇಸುವಿನ ಮಾತನ್ನು ಬಲ್ಲ ಕಚೇರಿ ಆ ಪುಟಕ್ಕೆ ಬೀಗ ಹಾಕುತ್ತದೆ.

ಹಬ್ಬಗಳ ಪಂಚಾಂಗ

ಸಾಮಾನ್ಯ ಕ್ಯಾಲೆಂಡರ್ ತಂತ್ರಾಂಶದಲ್ಲಿ ಕ್ರಿಸ್‌ಮಸ್ ಅನ್ನು ಪ್ರತಿವರ್ಷ ಮರುಕಳಿಸುವಂತೆ ಮಾಡುವುದು ಸುಲಭ. ಈಸ್ಟರ್ ಹಾಗಲ್ಲ. ಈಗ ಬಳಕೆಯಲ್ಲಿರುವ ಗ್ರೆಗೋರಿಯನ್ ಗಣನೆಯಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವ ಭಾನುವಾರವಾದರೂ ಬರಬಹುದು: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಬೂದಿ ಬುಧವಾರ ಅದಕ್ಕಿಂತ 46 ದಿನ ಮೊದಲು, ಸ್ವರ್ಗಾರೋಹಣ 39 ದಿನ ನಂತರ, ಪಂಚಾಶತ್ತಮ 49 ದಿನ ನಂತರ. ಅದಕ್ಕಿಂತ ಹಳೆಯ ಜೂಲಿಯನ್ ಗಣನೆ ಅನುಸರಿಸುವ ಆರ್ಥೊಡಾಕ್ಸ್ ಸಭೆಗಳ ಈಸ್ಟರ್ ಬಹುತೇಕ ವರ್ಷ ಬೇರೆ ದಿನ ಬರುತ್ತದೆ.

ಈಸ್ಟರ್ ದಿನಾಂಕವನ್ನು ಒಂದೇ ಕಡೆ ಬರೆದು, ಉಳಿದ ದಿನಗಳು ಅದರಿಂದ ಲೆಕ್ಕವಾಗುವಂತೆ ಒಂದು ಸಣ್ಣ ಹಾಳೆ ಮಾಡಿ. ಮುಂದಿನ ಐದು ವರ್ಷಗಳ ಪಟ್ಟಿ ತಯಾರಾದ ಮೇಲೆ ಅದನ್ನು ಕ್ಯಾಲೆಂಡರ್‌ಗೆ ಸೇರಿಸಿ. ಆಗ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ಮಧ್ಯೆ ಯಾರದೋ ಮದುವೆಗೆ ಸಭಾಂಗಣ ಕೊಟ್ಟು ಆಮೇಲೆ ಪೇಚಾಡುವುದು ತಪ್ಪುತ್ತದೆ. ಸಭಾಂಗಣ, ಧ್ವನಿವರ್ಧಕ, ವಾಹನ, ಸಮಾಧಿಭೂಮಿ ಎಲ್ಲಕ್ಕೂ ಒಂದೇ ಕ್ಯಾಲೆಂಡರ್ ಇರಲಿ. ಬರೆಯುವ ಅಧಿಕಾರ ಇಬ್ಬರಿಗೆ, ನೋಡುವ ಅವಕಾಶ ಎಲ್ಲರಿಗೆ.

ಕೀಲಿಕೈ ಯಾರ ಬಳಿ

ಒಂದು ಹಾಳೆಯ ಎಡಬದಿಯಲ್ಲಿ ಮಾಹಿತಿಯ ಬಗೆಗಳನ್ನೂ ಮೇಲ್ಬದಿಯಲ್ಲಿ ಜನರ ಹೊಣೆಗಳನ್ನೂ ಬರೆಯಿರಿ. ಪ್ರತಿ ಚೌಕದಲ್ಲಿ "ನೋಡಬಹುದು", "ಬದಲಿಸಬಹುದು", "ಇಲ್ಲ" ಎಂಬ ಮೂರರಲ್ಲಿ ಒಂದು ಇರಲಿ. ಭಾನುವಾರ ಶಾಲೆಯ ಶಿಕ್ಷಕರಿಗೆ ತಮ್ಮ ತರಗತಿಯ ಮಕ್ಕಳ ಪೋಷಕರ ಫೋನ್ ಸಂಖ್ಯೆ ಬೇಕು. ಇಡೀ ಸಭೆಯದು ಬೇಡ. ಖಜಾಂಚಿಗೆ ದೇಣಿಗೆದಾರರ ಹೆಸರು ಬೇಕು. ಅವರ ಅನಾರೋಗ್ಯದ ವಿವರ ಬೇಡ. ಈ ಹಾಳೆಯನ್ನು ಸಮಿತಿ ಒಪ್ಪಿ ಸಹಿ ಹಾಕಲಿ. ಪ್ರತಿಯೊಬ್ಬರಿಗೂ ಅವರದೇ ಪಾಸ್‌ವರ್ಡ್ ಇರಬೇಕು. ಕಚೇರಿಗೆಲ್ಲ ಒಂದೇ ಪಾಸ್‌ವರ್ಡ್ ಎಂದಾದರೆ ಯಾರು ಏನು ಬದಲಿಸಿದರು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಬರಲೇಬಾರದವು ಎಂದು ಆಗ ಹೇಳಿದ್ದು ಇದಕ್ಕೆ. ಪಾಪನಿವೇದನೆಯ ಮಾತು ಬಿಡಿ, ಅದನ್ನು ಬರೆಯುವ ಪ್ರಶ್ನೆಯೇ ಇಲ್ಲ. ಆದರೆ ಸಭಾಪಾಲಕರು ಮನೆಭೇಟಿಯಲ್ಲಿ ಕೇಳಿದ ದಾಂಪತ್ಯದ ಬಿರುಕು, ಕುಡಿತದ ಚಟ, ಸಾಲದ ಕಥೆಗಳನ್ನೂ ಸದಸ್ಯರ ಪುಟದ "ಟಿಪ್ಪಣಿ" ಎಂಬ ಚೌಕದಲ್ಲಿ ಬರೆಯುವ ಅಭ್ಯಾಸ ಹಲವೆಡೆ ಇದೆ. ದಯವಿಟ್ಟು ಬೇಡ. ಭೇಟಿಯ ದಿನಾಂಕ, ಮತ್ತೆ ಹೋಗಬೇಕಾದ ದಿನ, ಇಷ್ಟು ಸಾಕು. ನಂಬಿ ಹೇಳಿದ ಮಾತು ಮುಂದಿನ ಗುಮಾಸ್ತರ ಕಣ್ಣಿಗೆ ಬೀಳಬಾರದು. ಪ್ರಾರ್ಥನಾ ವಿನಂತಿಗಳ ಪಟ್ಟಿಯಲ್ಲೂ ರೋಗದ ಹೆಸರು ಬರೆಯುವ ಮೊದಲು ಅವರನ್ನೇ ಕೇಳಿ.

ಯಾವ ದೇಶದಲ್ಲಿದ್ದೀರೋ ಅಲ್ಲಿನ ದತ್ತಾಂಶ ರಕ್ಷಣೆಯ ಕಾನೂನನ್ನು ಒಬ್ಬ ವಕೀಲರಿಂದ ಕೇಳಿ ತಿಳಿದುಕೊಳ್ಳಿ. 2018ರ ಮೇ 25ರಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ಕಾನೂನು ತನ್ನ 9ನೇ ವಿಧಿಯಲ್ಲಿ ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿ ಎಂದು ಪರಿಗಣಿಸುತ್ತದೆ. ಧಾರ್ಮಿಕ ಸಂಸ್ಥೆ ತನ್ನ ಸದಸ್ಯರ ವಿವರ ಇಟ್ಟುಕೊಳ್ಳಬಹುದು, ಆದರೆ ಅವರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಕೊಡುವಂತಿಲ್ಲ. ನಿಮ್ಮಲ್ಲಿ ಅಂಥ ಕಾನೂನು ಇರಲಿ, ಇಲ್ಲದಿರಲಿ, ನಡೆಯಲು ಇದು ಒಳ್ಳೆಯ ದಾರಿ. ಯಾರು ಯಾವ ಚರ್ಚಿಗೆ ಹೋಗುತ್ತಾರೆ ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಜನರಿಗೆ ಅಪಾಯ ಆಗಬಹುದಾದ ಸ್ಥಳಗಳು ಲೋಕದಲ್ಲಿವೆ.

ಸದಸ್ಯರ ಪಟ್ಟಿ ಸೋರಿದರೆ ಇನ್ನೊಂದು ಕೇಡು ಇದೆ. ಸಭಾಪಾಲಕರ ಹೆಸರಿನಲ್ಲಿ "ತುರ್ತಾಗಿ ಹಣ ಬೇಕು, ಗಿಫ್ಟ್ ಕಾರ್ಡ್ ಕೊಂಡು ಸಂಖ್ಯೆ ಕಳಿಸಿ" ಎಂಬ ಸಂದೇಶ ಸಭೆಯವರಿಗೆ ಬರುವುದು ಈಗ ಪರಿಚಿತ ವಂಚನೆ. ಕಚೇರಿ ಎಂದಿಗೂ ಸಂದೇಶದ ಮೂಲಕ ಹಣ ಕೇಳುವುದಿಲ್ಲ ಎಂಬುದನ್ನು ಈಗಲೇ ಪ್ರಕಟಣೆಯಲ್ಲಿ ತಿಳಿಸಿಬಿಡಿ.

ತಂತ್ರಾಂಶ ಆರಿಸುವಾಗ

ದಾರಿ ಮೂರಿವೆ. ಐವತ್ತು ಅರವತ್ತು ಕುಟುಂಬಗಳ ಸಭೆಗೆ ಎಕ್ಸೆಲ್‌ನಂಥ ಅಚ್ಚುಕಟ್ಟಾದ ಸ್ಪ್ರೆಡ್‌ಶೀಟ್ ಸಾಕು, ಅದನ್ನು ಮಾಡಬಲ್ಲ ಲಿಬ್ರೆಆಫೀಸ್ ಉಚಿತ. ಅದಕ್ಕಿಂತ ದೊಡ್ಡದಾದರೆ ಚರ್ಚ್‌ಗಳಿಗೆಂದೇ ಮಾಡಿದ ತಂತ್ರಾಂಶ ನೋಡಿ. ಚರ್ಚ್‌ಸಿಆರ್‌ಎಂ, ಜೆಥ್ರೊ ಮುಂತಾದವು ಮುಕ್ತ ತಂತ್ರಾಂಶಗಳು. ಅವಕ್ಕೆ ಹಣ ಕೊಡಬೇಕಿಲ್ಲ, ಆದರೆ ಸರ್ವರ್ ನಡೆಸಿ ನವೀಕರಿಸುತ್ತಿರುವ ಒಬ್ಬ ಜಾಣ ಬೇಕು. ತಿಂಗಳ ಶುಲ್ಕದ ಸೇವೆಗಳಲ್ಲಿ ಆ ತಲೆನೋವಿಲ್ಲ; ಬದಲಿಗೆ ಶುಲ್ಕ ನಿಂತ ದಿನ ಮಾಹಿತಿ ಏನಾಗುತ್ತದೆ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.

ಮೂರನೆಯದು, ಸಭೆಯ ಯುವಕನೊಬ್ಬ ಪ್ರೀತಿಯಿಂದ ಬರೆದುಕೊಡುವ ತಂತ್ರಾಂಶ. ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಬೇಡ. ನಾನು ನೆರವಾಗಲು ಹೋದ ಒಂದು ಕಚೇರಿಯಲ್ಲಿ ಹಾಗೆ ಬರೆದ ಒಳ್ಳೆಯ ತಂತ್ರಾಂಶವಿತ್ತು. ಬರೆದವರು ಉದ್ಯೋಗಕ್ಕಾಗಿ ದೂರ ಹೋದರು. ಎರಡು ವರ್ಷಗಳ ನಂತರ ಯಂತ್ರ ಬದಲಾದಾಗ ಅದು ತೆರೆಯಲಿಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ವಿವರಣೆಯ ಒಂದು ಪುಟವೂ ಇರಲಿಲ್ಲ. ಅಚ್ಚು ಹಾಕಿದ ಹಳೆಯ ಪಟ್ಟಿಗಳನ್ನು ಮುಂದಿಟ್ಟುಕೊಂಡು ನಾವು ಮತ್ತೆ ಮೊದಲಿನಿಂದ ಟೈಪ್ ಮಾಡಿದೆವು. ಆ ಯುವಕನ ಉತ್ಸಾಹ ಅಮೂಲ್ಯ. ಅದನ್ನು ತರಬೇತಿ ಕೊಡುವುದಕ್ಕೆ, ಸ್ಕ್ಯಾನ್ ಮಾಡುವುದಕ್ಕೆ ಬಳಸಿ.

ಯಾವುದನ್ನೇ ಆರಿಸಿದರೂ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಹತ್ತು ಕಲ್ಪಿತ ಕುಟುಂಬಗಳನ್ನು ನಮೂದಿಸಿ, ಎಲ್ಲವನ್ನೂ ಸಿಎಸ್‌ವಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ) ಕಡತವಾಗಿ ಹೊರತೆಗೆದು, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ. ಕನ್ನಡ ಅಕ್ಷರ ಕೆಡದೆ, ಸಂಸ್ಕಾರದ ವಿವರ ತಪ್ಪದೆ ಬಂದರೆ ಮುಂದುವರಿಯಿರಿ. ಹೊರಬರುವ ದಾರಿ ಇಲ್ಲದ ಮನೆಗೆ ದಾಖಲೆಗಳನ್ನು ಕಳಿಸಬೇಡಿ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಧಾರಣ ಶಕ್ತಿಯ ಕಂಪ್ಯೂಟರ್, ವಿದ್ಯುತ್ ಹೋದಾಗ ಕೆಲಸ ಉಳಿಸುವ ಯುಪಿಎಸ್, ಪಾಸ್‌ವರ್ಡ್ ಇಲ್ಲದವರು ಓದಲಾಗದಂತೆ ಮಾಡುವ ಡಿಸ್ಕ್‌ನ ಗೂಢಲಿಪೀಕರಣ, ಒಂದು ಲೇಸರ್ ಪ್ರಿಂಟರ್. ಕಾರ್ಯಾಚರಣಾ ವ್ಯವಸ್ಥೆಗೆ ಭದ್ರತಾ ನವೀಕರಣ ಬರುತ್ತಿರಬೇಕು. ಉದಾಹರಣೆಗೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದಾನವಾಗಿ ಬಂದ ಹಳೆಯ ಯಂತ್ರವನ್ನು ಪ್ರಕಟಣೆ ಅಚ್ಚು ಹಾಕಲು ಇಟ್ಟುಕೊಳ್ಳಿ, ಸದಸ್ಯರ ದಾಖಲೆಗಲ್ಲ.

ಹಳೆಯ ರಿಜಿಸ್ಟರ್‌ಗಳನ್ನು ಒಳಗೆ ತರುವುದು

ನೂರು ವರ್ಷಗಳ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದ ಮೇಲೆಯೇ ವ್ಯವಸ್ಥೆ ಶುರುವಾಗಬೇಕು ಎಂದುಕೊಂಡರೆ ಅದು ಎಂದಿಗೂ ಶುರುವಾಗದು. ಇಂದಿನಿಂದ ನಡೆಯುವ ಸಂಸ್ಕಾರಗಳನ್ನು ಮೊದಲ ದಿನದಿಂದಲೇ ನಮೂದಿಸಿ. ಹಿಂದಿನದಕ್ಕೆ ಹೆಸರು, ವರ್ಷ, ಸಂಪುಟ, ಪುಟ ಈ ನಾಲ್ಕು ಅಂಕಣಗಳ ಸೂಚಿ ಮೊದಲು ತಯಾರಾಗಲಿ. ಯಾರಾದರೂ ಪ್ರಮಾಣಪತ್ರ ಕೇಳಿದಾಗ ಆ ಒಂದು ನಮೂದನ್ನು ಪೂರ್ತಿ ಮಾಡಿ.

ಪುಟಗಳನ್ನು ಇಂಚಿಗೆ 300ರಿಂದ 400 ಚುಕ್ಕಿಗಳ ಸಾಂದ್ರತೆಯಲ್ಲಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ. ಮಾಸಿದ ಶಾಯಿ ಕಪ್ಪುಬಿಳುಪಿನಲ್ಲಿ ಕಳೆದುಹೋಗುತ್ತದೆ. ಹೊಲಿಗೆ ಸಡಿಲವಾದ ಪುಸ್ತಕವನ್ನು ಗಾಜಿಗೆ ಒತ್ತಬೇಡಿ. ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಚಿತ್ರಗಳು ಟಿಫ್ ರೂಪದಲ್ಲೋ ದೀರ್ಘಕಾಲದ ಸಂಗ್ರಹಕ್ಕೆಂದೇ ರೂಪಿಸಿದ ಪಿಡಿಎಫ್-ಎ ರೂಪದಲ್ಲೋ ಇರಲಿ. ಟೈಪ್ ಮಾಡುವಾಗ ಒಬ್ಬರು ಓದಿ ಹೇಳಿ ಇನ್ನೊಬ್ಬರು ಒತ್ತಿದರೆ ತಪ್ಪು ಕಡಿಮೆ. ವಯಸ್ಸಾದ ಸದಸ್ಯರನ್ನು ಈ ಕೆಲಸಕ್ಕೆ ಕರೆಯಿರಿ. ಅಸ್ಪಷ್ಟ ಅಕ್ಷರದ ಹೆಸರನ್ನು ಕಂಡ ಕೂಡಲೇ ಆ ಮನೆತನವನ್ನೇ ಹೇಳಬಲ್ಲವರು ಅವರು, ಮತ್ತು ಅವರು ಎಂದೆಂದಿಗೂ ನಮ್ಮೊಂದಿಗಿರುವುದಿಲ್ಲ.

ಹಳೆಯ ಪದ್ಧತಿಯನ್ನು ಒಂದೇ ದಿನ ನಿಲ್ಲಿಸಬೇಡಿ. ಮೂರು ತಿಂಗಳು ಎರಡೂ ನಡೆಯಲಿ, ಆ ಅವಧಿಯಲ್ಲಿ ಒಂದು ಹಬ್ಬವೂ ವರ್ಷದ ಲೆಕ್ಕದ ಒಂದು ತಾಳೆಯೂ ಆಗಲಿ. ಸಹಿ ಇರುವ ರಿಜಿಸ್ಟರ್ ಪುಸ್ತಕ ಮಾತ್ರ ಮುಂದೆಯೂ ನಿಲ್ಲಬಾರದು.

ನಕಲು ಮತ್ತು ಅದರ ಪರೀಕ್ಷೆ

1598ರ ನಿಯಮಕ್ಕೆ ಇಂದಿನ ತಂತ್ರಜ್ಞರು ಇಟ್ಟಿರುವ ರೂಪ ಇದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಕಚೇರಿಯ ಯಂತ್ರದಲ್ಲಿ ಒಂದು, ಕೆಲಸ ಮುಗಿದ ಕೂಡಲೇ ಕಳಚಿಡುವ ಬಾಹ್ಯ ಡಿಸ್ಕ್‌ನಲ್ಲಿ ಒಂದು, ಕಟ್ಟಡದ ಹೊರಗೆ ಒಂದು. ಡಿಸ್ಕ್ ಸದಾ ಜೋಡಿಸಿಯೇ ಇದ್ದರೆ ಕಡತಗಳನ್ನು ಒತ್ತೆಯಿಡುವ ದುಷ್ಟ ತಂತ್ರಾಂಶ ಅದನ್ನೂ ಹಿಡಿಯುತ್ತದೆ. ಹೊರಗಿನ ಪ್ರತಿಯನ್ನು ಮೇಲಧ್ಯಕ್ಷರ (ಬಿಷಪರ) ಕಚೇರಿಯಲ್ಲಿಡಲು ಒಪ್ಪಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಯಾರ ಮನೆಯಲ್ಲೇ ಇಡುವುದಾದರೂ ಅದು ಗೂಢಲಿಪಿಯಲ್ಲಿರಲಿ.

ಮೂರು ತಿಂಗಳಿಗೊಮ್ಮೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ ದಿನ, ನಕಲಿನಿಂದ ಮಾಹಿತಿಯನ್ನು ಬೇರೊಂದು ಯಂತ್ರಕ್ಕೆ ತುಂಬಿಸಿ. ಯಾವುದಾದರೂ ಐದು ಹೆಸರು ಆರಿಸಿ ಪುಸ್ತಕದ ಪುಟದೊಂದಿಗೆ ತಾಳೆ ನೋಡಿ. ಈ ಕೆಲಸವನ್ನು ಪ್ರತಿ ಸಲವೂ ಇಬ್ಬರು ಮಾಡಲಿ, ಆ ಇಬ್ಬರಲ್ಲಿ ಒಬ್ಬರು ಪ್ರತಿವರ್ಷ ಬದಲಾಗಲಿ. ಮುಖ್ಯ ಪಾಸ್‌ವರ್ಡ್‌ಗಳನ್ನೂ ವ್ಯವಸ್ಥೆಯನ್ನು ನಡೆಸುವ ಕ್ರಮವನ್ನೂ ಎರಡು ಪುಟಗಳಲ್ಲಿ ಅಚ್ಚು ಹಾಕಿ, ಲಕೋಟೆಯಲ್ಲಿ ಮುದ್ರೆ ಒತ್ತಿ, ದೀಕ್ಷಾಸ್ನಾನದ ರಿಜಿಸ್ಟರ್ ಇರುವ ಕಪಾಟಿನಲ್ಲೇ ಇಡಿ. ಆ ಕಪಾಟಿಗೆ ಎರಡು ಬೀಗ ಹಾಕಿಸಿ, ಒಂದು ಕೀಲಿಕೈ ಸಭಾಪಾಲಕರಿಗೆ, ಇನ್ನೊಂದು ಸಮಿತಿಯ ಹಿರಿಯರೊಬ್ಬರಿಗೆ ಕೊಡಿ.